ತಂದೆಯಾಗಿ ಕಂಡವರು ಬೇರೆ, ಅಜ್ಜನಾಗಿ ಕಂಡವರು ಬೇರೆ: ಇಬ್ಬರನ್ನೂ ಒಂದೇ ಬರಹದಲ್ಲಿ ತರುವುದು ಹೇಗೆ?

ಪ್ರಶ್ನೆ

ನಮ್ಮ ತಂದೆಯವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರಿಗೆ 81 ವರ್ಷವಾಗಿತ್ತು. ನನ್ನ ಮಗಳಿಗೀಗ 11 ವರ್ಷ, ತಂಗಿಯ ಮಗನಿಗೆ ಇನ್ನೂ ಎರಡು ತುಂಬಿಲ್ಲ. ಇವರಿಬ್ಬರಿಗಾಗಿ ಅಜ್ಜನ ಬದುಕನ್ನು ಇಪ್ಪತ್ತು ಪುಟಗಳಲ್ಲಿ ಬರೆದಿಡಬೇಕೆಂದು ಹೊರಟವನು ಮೂರು ಬಾರಿ ಬರೆದು ಮೂರು ಬಾರಿಯೂ ಅಳಿಸಿದ್ದೇನೆ. ‘ಶಿಸ್ತಿನ ಮನುಷ್ಯ’, ‘ಸರಳ ಜೀವಿ’ ಎಂದೆಲ್ಲ ಬರೆಯುತ್ತಾ ಹೋದಂತೆ ಅದು ಯಾರ ತಂದೆಗಾದರೂ ಒಪ್ಪುವ ಬರಹವಾಗಿಬಿಡುತ್ತದೆ.

ಇನ್ನೊಂದು ತೊಡಕಿದೆ. ನಾವು ಅವರಿಗೆ ಹೆದರಿಕೊಂಡೇ ಬೆಳೆದವರು. ಅಂಕಪಟ್ಟಿಗೆ ಸಹಿ ಹಾಕುವಾಗ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಸಹಿ ಮುಗಿಸಿ, ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿ ಮಾಡುವವರೆಗೆ ನಾವು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆವು. ಎರಡು ವರ್ಷಗಳ ಹಿಂದೆ ಅದೇ ಪೆನ್ನನ್ನು ನನ್ನ ಮಗಳು ಕೆಳಗೆ ಬೀಳಿಸಿ ನಿಬ್ಬು ಬಾಗಿಸಿದಾಗ, “ಬಿಡು ಮಗಾ, ಅದಕ್ಕೂ ಬೆನ್ನು ಬಾಗುವ ವಯಸ್ಸು” ಎಂದು ನಕ್ಕುಬಿಟ್ಟರು. ಪಕ್ಕದ ಕೋಣೆಯಲ್ಲಿದ್ದ ನನಗೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಮಗಳ ಮೇಲೆ ಹೊಟ್ಟೆಕಿಚ್ಚಾಯಿತು. ಇದನ್ನೆಲ್ಲ ಮಕ್ಕಳು ಓದುವ ಬರಹದಲ್ಲಿ ಸೇರಿಸಬಹುದೇ? ಅವರ ಧ್ವನಿಯಿರುವ ಒಂದು ಹಳೆಯ ಕ್ಯಾಸೆಟ್ಟು ಮತ್ತು ಅಂಟುಹಾಳೆಯ ಆಲ್ಬಮ್ಮು ಕೂಡ ಇವೆ. ಅವುಗಳನ್ನು ಕಾಪಾಡುವ ಬಗೆಯನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಬರಹ ಈಗಾಗಲೇ ಆರಂಭವಾಗಿದೆ ಎಂದೇ ನನ್ನ ಅನಿಸಿಕೆ. ಅಂಕಪಟ್ಟಿಯ ಪ್ರಸಂಗವನ್ನೂ ನಿಬ್ಬು ಬಾಗಿದ ಪ್ರಸಂಗವನ್ನೂ ಒಂದರ ಪಕ್ಕ ಒಂದಿಡಿ; ‘ಮುಪ್ಪಿನಲ್ಲಿ ಮೆತ್ತಗಾದರು’ ಎಂಬ ಷರಾ ಮಾತ್ರ ಬೇಡ. ನನ್ನ ತಂದೆಯ ಬಗ್ಗೆ ನಾನು ಬರೆದದ್ದನ್ನು ಓದಿದ ನನ್ನ ಅಣ್ಣ, “ಚೆನ್ನಾಗಿದೆ, ಆದರೆ ಇವರು ಯಾರು?” ಎಂದು ಕೇಳಿದ್ದ. ಅವರ ಕೋಪವನ್ನು ನಾನು ಪೂರ್ತಿ ಬಿಟ್ಟಿದ್ದೆ. ಕೋಪದ ಜೊತೆಗೆ ಅವರೂ ಹೊರಟುಹೋಗಿದ್ದರು.

ಮಕ್ಕಳು ಓದುತ್ತಾರೆಂಬ ಅಳುಕಿಗೆ ಒಂದು ಮಾತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಅವರು ಮಕ್ಕಳಿಗೆ ತಮ್ಮ ಮನೆತನದ ಬಗ್ಗೆ ಎಷ್ಟು ತಿಳಿದಿದೆ ಎಂದು ಅಳೆಯಲು 20 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ತಂದೆ ತಾಯಿ ಹೇಗೆ ಭೇಟಿಯಾದರು ಎಂಬಂಥ ಸರಳ ಪ್ರಶ್ನೆಗಳೇ ಅವು. ಹೆಚ್ಚು ತಿಳಿದಿದ್ದ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಾಗಿ ಕಂಡಿತು. ತಿಳಿವಳಿಕೆಯಿಂದಲೇ ಹಾಗಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೂತು ಮಾತಾಡುವ ಮನೆಗಳಲ್ಲಿ ಎರಡೂ ಒಟ್ಟಿಗೆ ಬೆಳೆದಿರಬಹುದು. ಆದರೆ ಏಳನ್ನಷ್ಟೇ ಹೇಳುವ ಕಥೆಗಿಂತ ಏಳುಬೀಳು ಎರಡನ್ನೂ ಹೇಳುವ ಕಥೆಯೇ ಮಕ್ಕಳಿಗೆ ಹೆಚ್ಚು ಬಲ ಕೊಡುತ್ತದೆಂಬ ಡ್ಯೂಕ್ ಅವರ ಅಭಿಪ್ರಾಯವನ್ನು ನಾನು ಒಪ್ಪುತ್ತೇನೆ. ಹನ್ನೊಂದರ ಹುಡುಗಿ ತನ್ನ ಅಪ್ಪನೂ ಒಮ್ಮೆ ಹೆದರಿ ನಿಂತಿದ್ದನೆಂದು ತಿಳಿದರೆ ಕೆಡುವುದೇನೂ ಇಲ್ಲ.

ಉತ್ತರ 2

ಕ್ಯಾಸೆಟ್ಟು ಮತ್ತು ಆಲ್ಬಮ್ಮಿನ ಬಗ್ಗೆ ಮಾತ್ರ ಬರೆಯುತ್ತೇನೆ. ದಯವಿಟ್ಟು ಕ್ಯಾಸೆಟ್ಟನ್ನು ಆತುರದಿಂದ ಸಿಕ್ಕಿದ ಹಳೆಯ ಪ್ಲೇಯರಿಗೆ ಹಾಕಬೇಡಿ. ಮೊದಲು ಕ್ಯಾಸೆಟ್ಟಿನ ಅಂಚಿನ ನಡುವೆ ಟೇಪಿನ ಹಿಂದಿರುವ, ಮೆತ್ತನೆಯ ಬಟ್ಟೆಯಂಥ ಪುಟ್ಟ ಫೆಲ್ಟ್ ತುಂಡನ್ನು ನೋಡಿ; ಅದರ ಅಂಟು ಒಣಗಿ ಉದುರಿದ್ದರೆ ಟೇಪು ಪ್ಲೇಯರಿನಲ್ಲಿ ಧ್ವನಿಯನ್ನು ಓದುವ ಹೆಡ್ಡಿಗೆ ಸರಿಯಾಗಿ ತಾಗದೆ ಧ್ವನಿ ಮಂಕಾಗುತ್ತದೆ. ಹಾಗಿದ್ದರೆ ಬಲ್ಲವರಿಂದ ಟೇಪನ್ನು ಬೇರೆ ಕವಚಕ್ಕೆ ಬದಲಾಯಿಸಿಕೊಳ್ಳಿ. ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ತಪ್ಪಿಯೂ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಕಂಪ್ಯೂಟರಿಗೆ ಇಳಿಸುವಾಗ ಮೂಲಪ್ರತಿ ಧ್ವನಿಯನ್ನು ಕುಗ್ಗಿಸದೆ ಉಳಿಸುವ 24 ಬಿಟ್‌ನ ವೇವ್ ಕಡತವಾಗಿರಲಿ, ಹಂಚಲು ಕುಗ್ಗಿಸಿದ ಎಂಪಿ3 ಸಾಕು. ಮೂಲಪ್ರತಿಯಿಂದ ಕೆಮ್ಮು, ಕುರ್ಚಿಯ ಸದ್ದುಗಳನ್ನು ‘ಸ್ವಚ್ಛ’ ಮಾಡಲು ಹೋಗಬೇಡಿ. ನಾನು ಹಾಗೆ ಮಾಡಿ, ನನ್ನ ತಂದೆ ಮಾತಿನ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದನ್ನೇ ಕಳೆದುಕೊಂಡೆ.

ಆಲ್ಬಮ್ಮಿನ ಚಿತ್ರಗಳನ್ನು ಬೆರಳಿನಿಂದ ಕೀಳಬೇಡಿ. ಹಲ್ಲುಸಂದಿಗೆ ಬಳಸುವ ದಾರವನ್ನು ಅಡಿಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಬರದಿದ್ದರೆ ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ.

ಉತ್ತರ 3

ಎರಡು ತುಂಬದ ಮಗುವಿಗೆ ಅಜ್ಜ ನೇರವಾಗಿ ನೆನಪಿನಲ್ಲಿ ಉಳಿಯುವುದಿಲ್ಲ; ದೊಡ್ಡವರಾದ ಮೇಲೆ ಉಳಿಯುವ ಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದಾಗಿರುತ್ತದೆ. ಆದ್ದರಿಂದ ಅಜ್ಜ ಆ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಿದ್ದರು, ಏನೆಂದು ಕರೆಯುತ್ತಿದ್ದರು ಎಂಬುದನ್ನು ತಂಗಿಯವರಿಂದ ಈಗಲೇ ಬರೆಸಿಕೊಳ್ಳಿ.

ನೀವು ತಂದೆಯನ್ನು ಬಲ್ಲಿರಿ, ಮಗಳು ಅಜ್ಜನನ್ನು ಬಲ್ಲಳು. ಇವೆರಡೂ ಆಗುವ ಮೊದಲಿನ ಹುಡುಗನನ್ನು ಕಂಡವರು ಯಾರಾದರೂ ಇದ್ದಾರೆಯೇ? ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತರ ನಡುವಿನ ದಿನಗಳು ಉಳಿದ ವರ್ಷಗಳಿಗಿಂತ ಹೆಚ್ಚು ನೆನಪಿರುತ್ತವೆ. ಅವರ ಒಡಹುಟ್ಟಿದವರನ್ನೋ ಗೆಳೆಯರನ್ನೋ ಕೇಳಿ. ತಡಮಾಡಬೇಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅತ್ತೆಗೆ, ಅಂದರೆ ತಂದೆಯವರ ತಂಗಿಗೆ, ಫೋನ್ ಮಾಡಿದ್ದೆ. ಪೆನ್ನಿನ ವಿಷಯ ತೆಗೆದೊಡನೆ ಅವರು, “ಅವನ ಅಂಕಪಟ್ಟಿಯ ಮೇಲೆಲ್ಲ ನಮ್ಮಪ್ಪನ ಹೆಬ್ಬೆಟ್ಟೇ ಇರುತ್ತಿತ್ತು ಕಣೋ. ಸಹಿ ಅಂದರೆ ಅವನಿಗೆ ದೊಡ್ಡ ಕೆಲಸ” ಎಂದರು. ನಾವು ಕೋಪವೆಂದುಕೊಂಡ ಮೌನಕ್ಕೆ ಇದೇ ಕಾರಣವೆಂದು ನಾನು ಬರೆಯುವುದಿಲ್ಲ. ಕೆಲವು ಸಲ ಅವರಿಗೆ ನಿಜವಾಗಿಯೂ ಕೋಪವಿತ್ತು. ಅತ್ತೆಯ ಮಾತನ್ನು ಅತ್ತೆಯ ಮಾತಾಗಿಯೇ ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಕ್ಯಾಸೆಟ್ಟಿನ ಫೆಲ್ಟ್ ಉದುರಿರುವುದು ನಿಜ. ಕವಚ ಬದಲಾಯಿಸಿದ ಮೇಲೆಯೇ ಕೇಳಬೇಕು.