ಗದಾಯುದ್ಧದಾಗ ದುರ್ಯೋಧನನ ಅಧಿಕಾರ ಹೋಗೂದು ಯಾವ ಪದ್ಯದಾಗ?

ಮುಧೋಳ ಓದುಗ:
ರನ್ನನ ಗದಾಯುದ್ಧ ಇಟ್ಕೊಂಡು ಕಾಲೇಜು ಹುಡುಗರಿಗೆ 40 ನಿಮಿಷದ ವಾಚನ–ವ್ಯಾಖ್ಯಾನ ಮಾಡೂದೈತ್ರಿ. ವಿಷಯ: ಅರಸೊತ್ತಿಗೆ ಕೈಬಿಟ್ಟು ಹೋಗೂದು. ಊರುಭಂಗದ, ಅಂದ್ರ ಭೀಮ ದುರ್ಯೋಧನನ ತೊಡಿ ಮುರಿಯೂ ಭಾಗ ಒಂದ ಸಾಕೇನ್ರಿ? ಜೋಡಿಗೆ ನಮ್ಮ ಕಡೆ ಹಾಡು ಏನರ ಇದ್ರ ಹೇಳ್ರಿ.

ಹಳಗನ್ನಡ ಮಾಸ್ತರ:
ಊರುಭಂಗ ಬ್ಯಾಡ್ರಿ. ಅಲ್ಲಿ ಬೀಳೂದು ಬರೇ ದೇಹ. ಅಧಿಕಾರ ಅದಕ್ಕೂ ಮೊದಲ, ಸಂಜಯನ ಜೋಡಿ ಹೆಣ ದಾಟಿಕೋತ ನಡಿಯೂವಾಗ ಹೋಗಿರ್ತದ. ಹನ್ನೊಂದು ಅಕ್ಷೋಹಿಣಿ ಒಡೆಯಗ ಉಳಿದದ್ದು ಒಬ್ಬ ಸಂಜಯ, ಒಂದು ಗದೆ. ರಣರಂಗದ ಮರುಳುಗಳು (ದೆವ್ವಗಳು) ಸೈತ ಅವನ್ನ ಅಣಕಿಸ್ತಾವ.

ಮಗ ಲಕ್ಷಣಕುಮಾರನ ಹೆಣದ ಮುಂದಿನ ಪದ್ಯ ತಗೋರಿ: ಮಗ ಸತ್ತ ಅಪ್ಪಗ ಕೊಡಬೇಕಾದ ಜಲಾಂಜಲಿ (ತರ್ಪಣದ ನೀರು), ಅಪ್ಪನ ಮಗಗ ಕೊಡೂಹಂಗಾತು. ಆಮ್ಯಾಲೆ ಕರ್ಣನ ಹೆಣದ ಮುಂದ ದುರ್ಯೋಧನ ಹೇಳೂ ಪದ್ಯ. ನಾನು, ದುಶ್ಶಾಸನ, ನೀನು ಮೂವರ. ಅವ ಹೋದ ಮ್ಯಾಲ ನಾನೂ ನೀನೂ. ಈಗ ನೀನೂ ಎತ್ತ ಹೋದಿ? ಸೈನ್ಯದ ಸುದ್ದಿಲ್ಲ, ಸಿಂಹಾಸನದ ಸುದ್ದಿಲ್ಲ. ಒಂದ ಕಂದಪದ್ಯದಾಗ ಇಡೀ ರಾಜ್ಯದ ಲೆಕ್ಕ ಚುಕ್ತಾ. ಇದಕ್ಕ ಹತ್ತು ನಿಮಿಷ ಕೊಟ್ರೂ ಕಡಿಮಿನ.

ಗಮಕಪ್ರಿಯ:
ಕರ್ಣನ ಪದ್ಯ ಕೆಡುವುದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ಕಂದವೆಂದರೆ ನಾಲ್ಕು ಪಾದಗಳ (ಸಾಲುಗಳ) ಛಂದಸ್ಸು; ಪಾದಗಳು 12, 20, 12, 20 ಮಾತ್ರೆ. ಇಲ್ಲಿ ‘ಬೞಿಕ್ಕಾನುಂ’ (ಬಳಿಕ ಆನುಂ, ಅಂದರೆ ಆಮೇಲೆ ನಾನೂ) ಎಂಬುದು ಎರಡನೇ ಪಾದದ ಕೊನೆಗೂ ಮೂರನೆಯದರ ಮೊದಲಿಗೂ ಹರಿದು ಹಂಚಿಹೋಗಿದೆ. ಪಾದಾಂತ್ಯವೆಂದು ಅಲ್ಲೇ ನಿಂತರೆ ‘ಆನುಂ’ ನುಂಗಿಹೋಗುತ್ತದೆ. ಮೂವರು ಇಬ್ಬರಾದದ್ದು ಕೇಳುಗರಿಗೆ ತಿಳಿಯುವುದೇ ಇಲ್ಲ. ಮೊದಲು ಸಂಧಿ ಬಿಡಿಸಿ ರಾಗವಿಲ್ಲದೆ ಓದಿ, ಅರ್ಥ ಹೇಳಿ, ಕೊನೆಗೆ ರಾಗದಲ್ಲಿ ಓದಿ.

ದುರ್ಯೋಧನ ಅಡಗಿ ಕೂತ ಸರೋವರದ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ (ನೀರೊಳಗಿದ್ದೂ ಬೆವರಿದ ಹಾವಿನ ಬಾವುಟದವನು) ಬಿಡಬೇಡಿ. ಹಾವಿನ ಬಾವುಟದವನು ಎಂಬ ಬಿರುದು ಮಾತ್ರ ಮೇಲಿದೆ, ಬಾವುಟದೊಡೆಯ ನೀರಿನಡಿ. ಅವನು ಬೆವರಿದ್ದು ಹೆದರಿ ಎಂದಷ್ಟೇ ವ್ಯಾಖ್ಯಾನಿಸುವವರು ಬಹಳ. ಅದೇ ಪದ್ಯದಲ್ಲಿ ‘ಕೋಪಾರುಣನೇತ್ರಂ’ (ಸಿಟ್ಟಿಗೆ ಕಣ್ಣು ಕೆಂಪಾದವನು) ಎಂದೂ ಇದೆಯಲ್ಲ!

ಲಾವಣಿ ಮಂದಿ:
ಜೋಡಿಗೆ ನಿಮ್ಮ ತಾಲೂಕಿನ ಹಲಗಲಿ ಬೇಡರ ಲಾವಣಿ ಐತಲ್ರಿ. 1857ರಾಗ ಕಂಪನಿ ಸರಕಾರ ಆಯುಧ ಒಪ್ಪಿಸ್ರಿ ಅಂದಾಗಿನ ದಂಗೆ. ಸುಟ್ಟ ಊರಿನ ಲೂಟಿ ಪಟ್ಟಿನ ಅದರ ಜೀವ: ಉಪ್ಪು, ಎಣ್ಣಿ, ಅರಿಶಿಣ, ಜೀರಗಿ, ಕಡೀಕ ಮಂಗಳಸೂತ್ರ, ಬೀಸುಕಲ್ಲು. ಹೊತ್ತಾತಂತ ಆ ಪಟ್ಟಿ ಕತ್ತರಿಸಿದ್ರ ಬರೇ ಗುಂಡಿನ ಸಪ್ಪಳ ಉಳೀತದ. ಅರಸನ ಕಥಿ ಅಂತ ಮಾತ್ರ ಪರಿಚಯ ಮಾಡಬ್ಯಾಡ್ರಿ. ಇಲ್ಲಿ ಹೋದದ್ದು ಕೈಯಾಗ ಹತಾರ ಹಿಡಿಯೂ ಹಕ್ಕು.

ಮುಧೋಳ ಓದುಗ:
ಹಂಗಾದ್ರ ಅಭಿಮನ್ಯುವಿನ ಪದ್ಯ ಬಿಡ್ಲೇನ್ರಿ?

ಹಳಗನ್ನಡ ಮಾಸ್ತರ:
ಬಿಡಬ್ಯಾಡ್ರಿ, ಕರ್ಣನಕಿಂತ ಮೊದಲ ಇಡ್ರಿ. ವೈರಿ ಮಗನಂಥಾ ಸಾವು ತನಗೂ ಬರ್ಲಿ ಅಂತಾನ ದುರ್ಯೋಧನ. ಆಜ್ಞಾ ಮಾಡಾಂವ ಬೇಡಾಕತ್ತಿದ್ದು ಅಲ್ಲಿಂದನ.