ವೈನರಿಗೆ ಕನ್ನಡದಲ್ಲಿ ಏನನ್ನೋಣ? ಭಟ್ಟಿ ಅಂತೂ ಅಲ್ಲ

ಗೆಳೆಯರೇ,

ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ನಂದಿ ಬೆಟ್ಟದ ಕಡೆಯ ಒಂದು ವೈನರಿ, ಅಂದರೆ ದ್ರಾಕ್ಷಿಯಿಂದ ವೈನ್ ಮಾಡುವ ಜಾಗ, ಹೆಸರು ಬೇಡ, ನೋಡಲು ಬರುವವರಿಗೆ ಕೊಡುವ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ಕೇಳಿತು. ನಾನು ಮೊದಲ ಕರಡಿನಲ್ಲಿ ವೈನರಿಗೆ ‘ದ್ರಾಕ್ಷಿ ಭಟ್ಟಿ’ ಎಂದು ಬರೆದೆ. ಅಲ್ಲಿ ತೊಟ್ಟಿ ನೋಡಿಕೊಳ್ಳುವ ದೊಡ್ಡಬಳ್ಳಾಪುರದ ಹುಡುಗ ಓದಿ ನಕ್ಕುಬಿಟ್ಟ. ‘ಸಾರ್, ನಾವು ಭಟ್ಟಿ ಇಳಿಸಲ್ಲ. ಕಾಯಿಸೋದೇ ಇಲ್ಲ.’

ಸರಿ ತಾನೇ? ಭಟ್ಟಿ ಎಂದರೆ ಒಲೆ, ಆವಿ, ಸರಾಯಿ. ವೈನನ್ನು ಭಟ್ಟಿ ಇಳಿಸಿದರೆ ಅದು ಬ್ರಾಂದಿ ಆಗುತ್ತದೆ. ವೈನ್ ಮಾಡುವುದೆಂದರೆ ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸುವುದು, ಅಷ್ಟೇ.

ಹಾಗಾದರೆ ವೈನ್ ಎಂದೇ ಬಿಡೋಣ ಅಂದರೆ ಬೆಂಗಳೂರಿನಲ್ಲಿ ಆ ಪದದ ಗತಿ ಗೊತ್ತಲ್ಲ. ಯಾವುದೋ ದೇವರ ಹೆಸರು, ಪಕ್ಕದಲ್ಲಿ ‘ವೈನ್ಸ್’ ಎಂಬ ಬೋರ್ಡು. ಒಳಗೆ ರಮ್ಮು, ವಿಸ್ಕಿ, ಬ್ರಾಂದಿ. ವೈನ್ ಕೇಳಿದರೆ ಮೇಲಿನ ಅಟ್ಟದಿಂದ ಧೂಳು ಒರೆಸಿ ಒಂದು ಬಾಟಲಿ ಕೊಡುತ್ತಾರೆ. ‘ವೈನ್ಸ್‌ಗೆ ಹೋಗಿದ್ದ’ ಎಂದರೆ ನಮ್ಮ ಬೀದಿಯಲ್ಲಿ ಯಾರೂ ದ್ರಾಕ್ಷಿಯನ್ನು ನೆನೆಯುವುದಿಲ್ಲ!

‘ದ್ರಾಕ್ಷಾರಸ’ ಇದೆ. ಕನ್ನಡ ಬೈಬಲ್ಲಿನಲ್ಲಿ ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾಗುತ್ತದೆ. ಪತ್ರಿಕೆಗಳು ‘ದ್ರಾಕ್ಷಾರಸ ಉತ್ಸವ’ ಎಂದು ಬರೆಯುತ್ತವೆ. ಪದ ಚೆನ್ನಾಗಿಯೇ ಇದೆ. ಆದರೆ ‘ದ್ರಾಕ್ಷಿ ರಸ’ಕ್ಕೂ ಅದಕ್ಕೂ ಒಂದು ಸ್ವರದ ವ್ಯತ್ಯಾಸ. ಜ್ಯೂಸ್ ಅಂದುಕೊಂಡು ಮಕ್ಕಳಿಗೆ ಕುಡಿಸಿದರೆ ಯಾರು ಹೊಣೆ? ‘ಆಸವ’ವನ್ನೂ ನೋಡಿದೆ. ಆಯುರ್ವೇದದಲ್ಲಿ ಕಷಾಯ ಕಾಯಿಸಿ ಹುದುಗಿಸಿದ್ದು ಅರಿಷ್ಟ, ಕಾಯಿಸದೆ ಹುದುಗಿಸಿದ್ದು ಆಸವ. ಲೆಕ್ಕಕ್ಕೆ ಇದೇ ಸರಿಯಾದ ಪದ. ಏನು ಮಾಡೋದು, ‘ಆಸವಶಾಲೆ’ ಎಂದೊಡನೆ ಕಷಾಯದ ಅಂಗಡಿಯ ವಾಸನೆ ಬರುತ್ತದೆ.

ಈಗ ನನ್ನ ಮನಸ್ಸು ‘ಆಲೆಮನೆ’ಯ ಕಡೆ ಇದೆ. ಕಬ್ಬಿಗೆ ಆಲೆಮನೆ ಇದ್ದರೆ ದ್ರಾಕ್ಷಿಗೆ ಯಾಕೆ ಬೇಡ? ‘ದ್ರಾಕ್ಷಿ ಆಲೆಮನೆ’. ಇಲ್ಲೂ ಒಂದು ತೊಡಕು. ಆಲೆ ಎಂದರೆ ಹಿಂಡುವ ಯಂತ್ರ. ಬಿಳಿ ವೈನಿಗೆ ಮೊದಲೇ ಹಿಂಡುತ್ತಾರೆ, ನಿಜ. ಕೆಂಪು ವೈನಿಗೆ ಹಣ್ಣು ಒಡೆದು ಸಿಪ್ಪೆಯ ಸಮೇತ ಹುದುಗಲು ಬಿಡುತ್ತಾರೆ. ಹಿಂಡುವುದು ಆಮೇಲೆ. ಆ ಹುಡುಗ ಕಾಬರ್ನೆ ಎಂಬ ಫ್ರೆಂಚ್ ಜಾತಿಯ ಕಪ್ಪು ದ್ರಾಕ್ಷಿಯ ಒಂದು ಹಣ್ಣನ್ನು ನನ್ನ ಅಂಗೈ ಮೇಲೆ ಹಿಚುಕಿ ತೋರಿಸಿದ. ರಸಕ್ಕೆ ಬಣ್ಣವೇ ಇಲ್ಲ! ಕೆಂಪೆಲ್ಲ ಸಿಪ್ಪೆಯದು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಹಿಚುಕಿದರೆ ತಿರುಳು ಪಿಚಕ್ಕನೆ ಇಡಿಯಾಗಿ ಹೊರಗೆ ಜಾರುತ್ತದಲ್ಲ, ಇದು ಹಾಗಲ್ಲ. ಜಾತಿಯೇ ಬೇರೆ.

ಹಾಗೆ ನೋಡಿದರೆ ಈ ಫ್ರೆಂಚ್ ಜಾತಿಗಳು ಇಲ್ಲಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ವಿನ್ಯಾರ್ಡ್ಸ್ ಶುರುಮಾಡಿದರು. ಮೊದಲ ವೈನ್ 1992ರಲ್ಲಿ ಬಂತು. ಆಮೇಲೆ ಫ್ರಾನ್ಸಿನದೇ ಬೋರ್ಡೋ ಸೀಮೆಯ ವೈನ್ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. ಗ್ರೋವರ್ ಅವರ ಲಾ ರಿಸರ್ವ್ ಎಂಬ ಕೆಂಪು ವೈನಿನಲ್ಲಿ ಕಾಬರ್ನೆಗೆ ಶಿರಾಜ್ ಎಂಬ ಇನ್ನೊಂದು ಜಾತಿಯ ದ್ರಾಕ್ಷಿ ಬೆರೆತಿರುತ್ತದೆ. ಕರ್ನಾಟಕ ಸರ್ಕಾರದ ವೈನ್ ನೀತಿ ಬಂದದ್ದು 2007ರಲ್ಲಿ. ಇಷ್ಟು ವರ್ಷದಲ್ಲಿ ಬಳ್ಳಿ ಬೇರು ಬಿಟ್ಟಿದೆ, ಪದ ಮಾತ್ರ ಇನ್ನೂ ಬಿಟ್ಟಿಲ್ಲ.

ರುಚಿಯ ಪದಗಳಲ್ಲಿ ಇಷ್ಟು ಕಷ್ಟ ಆಗಲಿಲ್ಲ. ಟ್ಯಾನಿನ್ ಎಂದು ಪುಟಗಟ್ಟಲೆ ವಿವರಿಸುತ್ತಾರಲ್ಲ, ಅದು ನಮ್ಮ ‘ಒಗರು’. ನೇರಳೆ ಹಣ್ಣು, ಎಳೆ ಅಡಿಕೆ ತಿಂದವರಿಗೆ ಬೇರೆ ಪಾಠ ಬೇಕಿಲ್ಲ. ಹಿಂಡಿ ಉಳಿದದ್ದು ‘ಹಿಪ್ಪೆ’, ತಳದಲ್ಲಿ ಕೂರುವುದು ‘ಗಸಿ’. ಮೂರನ್ನೂ ಹಾಗೆಯೇ ಇಟ್ಟೆ, ಯಾರೂ ತಕರಾರು ಮಾಡಲಿಲ್ಲ. ‘ಡ್ರೈ’ ಮಾತ್ರ ಕಾಟ ಕೊಟ್ಟಿತು. ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸಿದ ವೈನ್ ಅದು. ‘ಒಣ ವೈನ್’ ಎಂದು ಬರೆದರೆ, ಪುಡಿಯಾ, ನೀರಿಗೆ ಕಲಸಿ ಕುಡಿಯೋದಾ ಎಂದಳು ಹೆಂಡತಿ. ‘ಸಪ್ಪೆ’ ಎಂದರೆ ಬೈದ ಹಾಗೆ. ಸದ್ಯಕ್ಕೆ ‘ಸಿಹಿಯಿಲ್ಲದ’ ಎಂದು ಬರೆದು ಸುಮ್ಮನಿದ್ದೇನೆ.

ವಿಂಟೇಜ್‌ಗೆ, ಅಂದರೆ ವೈನಿನ ದ್ರಾಕ್ಷಿ ಕೊಯ್ದ ವರ್ಷಕ್ಕೆ, ಮೊದಲು ‘ಸಾಲು’ ಎಂದಿದ್ದೆ. ‘2023ನೇ ಸಾಲಿನ’ ಎಂದರೆ ಏಪ್ರಿಲ್‌ನಿಂದ ಶುರುವಾಗುವ ಬಜೆಟ್ ಸಾಲು ಅನ್ನಿಸುತ್ತದೆ ಅಲ್ವಾ? ಇಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಫ್ರಾನ್ಸಿನ ಹಾಗೆ ಸೆಪ್ಟೆಂಬರಿನಲ್ಲಿ ಅಲ್ಲ, ಹೆಚ್ಚುಕಡಿಮೆ ಫೆಬ್ರವರಿ, ಮಾರ್ಚ್. ಸಂಕ್ರಾಂತಿ ಕಳೆದ ಮೇಲೆ. ಅದಕ್ಕೇ ‘2023ರ ಸುಗ್ಗಿ’ ಎಂದು ತಿದ್ದಿದೆ. ಇದು ನನಗೆ ಜಾಸ್ತಿ ಹಿಡಿಸಿದೆ.

ಉಳಿದದ್ದು ಎರಡು. ಒಂದು, ವೈನರಿ: ‘ದ್ರಾಕ್ಷಿ ಆಲೆಮನೆ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಎರಡು, ಕೆಂಪು ವೈನ್ ಹುದುಗುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ಒತ್ತಿ ಮುಳುಗಿಸುತ್ತಾರೆ. ಆ ಹುಡುಗ ಅದಕ್ಕೆ ‘ಕ್ಯಾಪ್’ ಅನ್ನುತ್ತಾನೆ. ನಾನು ‘ಟೊಪ್ಪಿ’ ಎಂದು ಬರೆದು ತಕ್ಷಣ ಹೊಡೆದುಹಾಕಿದೆ, ಗಿರಾಕಿಗೆ ಟೊಪ್ಪಿ ಹಾಕುತ್ತಾರೆ ಎಂದು ಓದಿಕೊಂಡಾರು. ‘ಕೆನೆ’ ಆದೀತೇ? ಮನೆಯಲ್ಲಿ ಕ್ರಿಸ್ಮಸ್‌ಗೆ ವೈನ್ ಹಾಕುವವರು ಇಲ್ಲಿ ಇದ್ದೀರಿ. ಭರಣಿಯಲ್ಲಿ ಹಾಗೆ ತೇಲಿ ಬಂದದ್ದಕ್ಕೆ ನಿಮ್ಮ ಅಜ್ಜಿ ಏನನ್ನುತ್ತಿದ್ದರು? ಕೈಪಿಡಿ ಸೋಮವಾರ ಅಚ್ಚಿಗೆ ಹೋಗುತ್ತದೆ.