ಆಷಾಢದ ಮಳೆಯಲ್ಲಿ ಗಿಟಾರ್‌ಗೆ ಬಣ್ಣ ಬೇಡ ಪುಟ್ಟ

ಪುಟ್ಟ: ಎಲ್ಲರೂ ಈ ವಿಡಿಯೋ ನೋಡಿ. ಬಿಸಿ ಗಾಳಿ ಬೀಸುವ ಹೀಟ್ ಗನ್ ಹಿಡಿದು ಹತ್ತೇ ನಿಮಿಷಕ್ಕೆ ಹಳೇ ಬಣ್ಣ ಪೂರ್ತಿ ಎಬ್ಬಿಸಿದ್ದಾನೆ. ಭಾನುವಾರ ಅಪ್ಪನ ಎಲೆಕ್ಟ್ರಿಕ್ ಗಿಟಾರ್‌ಗೂ ಇದನ್ನೇ ಮಾಡುತ್ತೇನೆ. ಗಣೇಶನ ಹಬ್ಬದ ಸ್ಟೇಜ್ ಹೊತ್ತಿಗೆ ಕೆಂಪು ಗಿಟಾರ್ ರೆಡಿ ಇರಬೇಕು.

ಅತ್ತೆ: ಚೆನ್ನಾಗಿದೆ ಮಗ. ಅಪ್ಪನನ್ನು ಕೇಳಿದ್ದೀಯಾ?

ಪುಟ್ಟ: ಕೇಳಿದೆ ಅತ್ತೆ, ಬೇಡ ಅಂದರು. ಅದಕ್ಕೇ ಗ್ರೂಪ್‌ಗೆ ಹಾಕಿದ್ದು. ನೀವೆಲ್ಲ ಹೇಳಿ.

ಚಿಕ್ಕಪ್ಪ (ಪುಟ್ಟನ ಅಪ್ಪ): ಈಗಲೂ ಬೇಡ ಅಂತಲೇ ಹೇಳುತ್ತೇನೆ. ಬೆಂಗಳೂರಲ್ಲಿ ಓದುವಾಗ ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡ ಗಿಟಾರ್ ಅದು. ಬಣ್ಣ ತೆಗೆದರೆ ಸೌಂಡೂ ಹೋಗುತ್ತದೆ.

ನಾನು: ಪುಟ್ಟ, ಬಣ್ಣ ಹೊಡೆಯಲೇಬೇಡ ಅಂತ ನಾನು ಹೇಳುವುದಿಲ್ಲ. ಈಗ ಬೇಡ, ಮತ್ತು ಈ ವಿಡಿಯೋದವನ ಹಾಗೆ ಬೇಡ. ಚಿಕ್ಕಪ್ಪ, ಸೌಂಡ್ ವಿಷಯಕ್ಕೆ ನೀವು ಹೆದರಬೇಡಿ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಗಳ ಕೆಳಗಿರುವ ಪಿಕಪ್‌ನ ಅಯಸ್ಕಾಂತದ ಮೇಲೆ ಲೋಹದ ತಂತಿ ನಡುಗುತ್ತದೆ, ಆ ನಡುಕವೇ ಕರೆಂಟ್ ಆಗಿ ಆಂಪ್‌ಗೆ ಹೋಗುತ್ತದೆ, ಬಣ್ಣಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಅಕೌಸ್ಟಿಕ್ ಗಿಟಾರ್ ಆಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ, ಅದರಲ್ಲಿ ಮೇಲಿನ ತೆಳು ಹಲಗೆಯೇ ಅದುರಿ ಶಬ್ದ ಮಾಡಬೇಕು, ದಪ್ಪ ಬಣ್ಣ ಅದನ್ನು ಹಿಡಿದುಬಿಡುತ್ತದೆ.

ಪುಟ್ಟ: ಹಾಗಾದರೆ ಈಗ ಯಾಕೆ ಬೇಡ ಅಕ್ಕ? ಮನೆ ಒಳಗೇ ಮಾಡುತ್ತೇನೆ. ಒಳಗೆ ಮಳೆ ಬರುತ್ತದಾ?

ನಾನು: ಮಳೆ ಬರಲ್ಲ, ತೇವ ಬರುತ್ತದೆ. ಕೊಡಗಿನ ಶನಿವಾರಸಂತೆ ಮನೆಯಲ್ಲಿ ಈಗ ಉಪ್ಪಿನ ಡಬ್ಬಿ ತೆಗೆದು ನೋಡು, ಚರ್ಮದ ಬೆಲ್ಟ್ ಮೇಲೆ ಬೂಸ್ಟು ಬಂದಿದೆಯಾ ನೋಡು. ನಾಲ್ಕು ವರ್ಷದ ಹಿಂದೆ ನಾನು ಮಡಿಕೇರಿಯಲ್ಲಿ ಇದೇ ಜುಲೈನಲ್ಲಿ ಬಾಗಿಲು ಹಾಕಿಕೊಂಡು, ಥಿನ್ನರ್ ಆರಿ ಗಟ್ಟಿಯಾಗುವ ಲ್ಯಾಕರ್ ಬಣ್ಣ ಹೊಡೆದೆ. ಕಪ್ಪು ಗಿಟಾರ್. ಹೊಡೆದಾಗ ಕನ್ನಡಿ ಹಾಗೆ ಇತ್ತು, ಹತ್ತು ನಿಮಿಷಕ್ಕೆ ಮೈಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಕಡೆ ಗಾಳಿಯ ತೇವ ಬಂದು ಕೂರುತ್ತದೆ, ಅದು ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಹೇರ್ ಡ್ರೈಯರ್ ಹಿಡಿದೆ, ಗುಳ್ಳೆ ಎದ್ದವು. ಮೂರು ವಾರದ ಕೆಲಸ ಪೂರ್ತಿ ಉಜ್ಜಿ ತೆಗೆದೆ. ಆವತ್ತು ನಿಜವಾಗಿ ಅಳು ಬಂದಿತ್ತು, ನಿನಗೆ ಹಾಗಾಗಬಾರದು.

ಅತ್ತೆ: ಕಾಫಿ ಬೀಜದ್ದೂ ಇದೇ ಕಥೆ ಅಲ್ವಾ. ಎಷ್ಟೇ ಒಣಗಿಸಿ ಮೂಟೆ ಕಟ್ಟಿದರೂ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆ.

ನಾನು: ಅದೇ ಅತ್ತೆ, ಮರವೂ ಹಾಗೆಯೇ. ಈಗ ಬಣ್ಣ ಕಿತ್ತು ಬರಿ ಮರ ಬಿಟ್ಟರೆ ನೀರು ಕುಡಿದು ಉಬ್ಬುತ್ತದೆ, ಅದರ ಮೇಲೆ ಬಣ್ಣ ಹೊಡೆದು ಮುಚ್ಚಿದರೆ ಮಾರ್ಚ್ ಬಿಸಿಲಿಗೆ ಮರ ಕುಗ್ಗುತ್ತದೆ, ಬಣ್ಣ ಕುಗ್ಗುವುದಿಲ್ಲ.

ಮಾವ: ನಮ್ಮ ಕುಶಾಲನಗರದಲ್ಲಿ ಅಷ್ಟು ಮಳೆ ಇಲ್ಲಪ್ಪ. ಇಲ್ಲಿ ಕಾರ್ ಪೇಂಟ್ ಮಾಡುವ ಗ್ಯಾರೇಜ್ ಇದೆ, ಬೂತ್‌ನಲ್ಲಿ ಬಿಸಿ ಕೊಟ್ಟು ಒಂದೇ ದಿನದಲ್ಲಿ ಒಣಗಿಸುತ್ತಾರೆ. ಕಳಿಸಿ.

ಪುಟ್ಟ: ಮಾವ ಸೂಪರ್!

ನಾನು: ಮಾವ, ನಿಮ್ಮ ಕಡೆ ಗಾಳಿ ಒಣ ಇದೆ, ಒಪ್ಪುತ್ತೇನೆ. ಆದರೆ ಆ ಬೂತ್‌ನಲ್ಲಿ 60 ಡಿಗ್ರಿವರೆಗೆ ಬಿಸಿ ಮಾಡುತ್ತಾರೆ. ತಗಡಿಗೆ ಸರಿ. ಗಿಟಾರ್ ಬಾಡಿ ಸಾಮಾನ್ಯವಾಗಿ ಎರಡು ಮೂರು ಹಲಗೆ ಅಂಟಿಸಿ ಮಾಡಿರುತ್ತಾರೆ, ಅಷ್ಟು ಬಿಸಿಗೆ ಅಂಟು ಬಿಟ್ಟರೆ ಏನು ಮಾಡುವುದು? ಹೀಟ್ ಗನ್ ಬೇಡ ಅನ್ನುವುದಕ್ಕೂ ಅದೇ ಕಾರಣ, ಜೊತೆಗೆ ಒಂದೇ ಕಡೆ ಎರಡು ಕ್ಷಣ ಜಾಸ್ತಿ ನಿಂತರೆ ಮರ ಸುಟ್ಟ ಕಲೆ ಹೋಗುವುದೇ ಇಲ್ಲ.

ಇನ್ನೊಂದು, ಪುಟ್ಟ. ವಿಡಿಯೋದ ಕೊನೆಗೆ ಅವನು ಗಟ್ಟಿ ಮಾಡುವ ಹಾರ್ಡ್‌ನರ್ ಬೆರೆಸಿದ ಟೂ ಕೆ ಕ್ಲಿಯರ್ ಅನ್ನುವ ಪಾರದರ್ಶಕ ಕೋಟ್ ಹೊಡೆಯುತ್ತಾನೆ, ಮಲಗುವ ಕೋಣೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ಅಪಾಯದ ರಾಸಾಯನಿಕ ಇರುತ್ತದೆ. ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಒಮ್ಮೆ ಅದರಿಂದ ಆಸ್ತಮಾ ಹತ್ತಿದರೆ ಜೀವಮಾನ ಬಿಡದಿರಬಹುದು. ಅಜ್ಜಿ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಇದರಲ್ಲಿ ನಾನು ಒಂದಿಂಚೂ ಬಿಟ್ಟುಕೊಡಲ್ಲ.

ಪುಟ್ಟ: ಸರಿ, ಟೂ ಕೆ ಬೇಡ. ಬಣ್ಣ ಕೀಳದೆ ಹೊಸ ಬಣ್ಣ ಹೇಗೆ ಹೊಡೆಯುವುದು ಮತ್ತೆ?

ನಾನು: ಕೀಳಲೇಬೇಕು ಅಂತ ಯಾರು ಹೇಳಿದರು? ಹಳೇ ಬಣ್ಣ ಗಟ್ಟಿ ಇದ್ದರೆ ಅದಕ್ಕಿಂತ ಒಳ್ಳೆಯ ಪ್ರೈಮರ್ ಇಲ್ಲ. 400ರ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜು, ಗುಂಡಿ ಬಿದ್ದಲ್ಲಿ ಪುಟ್ಟಿ ತುಂಬು, ಮೇಲೆ ಹೊಡಿ. ಫೆಂಡರ್ ಗಿಟಾರ್ ಕಂಪನಿಯಿಂದಲೇ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢ) ಬಣ್ಣದ ಮೇಲೆ ಬೇರೆ ಬಣ್ಣ ಹೊಡೆದು ಹೊರಬಂದ 60ರ ದಶಕದ ಗಿಟಾರ್‌ಗಳಿವೆ. ಅವರು ಆಗ ಬಳಸಿದ್ದೂ ಕಾರಿನ ಬಣ್ಣವೇ, ಡ್ಯೂಪಾಂಟ್‌ನ ಡ್ಯೂಕೋ ಮತ್ತು ಲುಸೈಟ್. ನಮ್ಮ ಕಡೆ ಬೀರುವಿಗೆ ಬಣ್ಣ ಹೊಡೆಯುವವರು ಇವತ್ತಿಗೂ ಡ್ಯೂಕೋ ಅನ್ನುತ್ತಾರಲ್ಲ, ಅದೇ ಹೆಸರು. ನೀನು ಕೇಳುತ್ತಿರುವ ಕೆಂಪು, ಫಿಯೆಸ್ಟಾ ರೆಡ್, 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದ್ದು.

ಚಿಕ್ಕಪ್ಪ: ನನ್ನ ಮಾತು ಯಾರೂ ಕೇಳುತ್ತಿಲ್ಲ. ಸೌಂಡ್ ಬಿಡು. ಬಲಗೈ ಊರುವ ಕಡೆ ಬಣ್ಣ ಸವೆದಿದೆ ನೋಡು, ಅದು ನಾನು ನುಡಿಸಿ ನುಡಿಸಿ ಆದದ್ದು. ಅದರ ಮೇಲೆ ಕೆಂಪು ಬಳಿದರೆ ಅದು ನನ್ನ ಗಿಟಾರ್ ಆಗಿ ಉಳಿಯುತ್ತಾ?

ಪುಟ್ಟ: ಅಪ್ಪ, ನೀವು ಹದಿನೈದು ವರ್ಷದಿಂದ ಅದನ್ನು ಮುಟ್ಟಿಲ್ಲ. ಅಟ್ಟದಿಂದ ಇಳಿಸಿ ತಂತಿ ಹಾಕಿದ್ದು ನಾನು. ನನಗೂ ಅದು ನನ್ನದು ಅನ್ನಿಸಬೇಕಲ್ಲ.

ಅತ್ತೆ: ಇಬ್ಬರ ಮಾತೂ ಸರಿ ಇದೆ. ನಿಧಾನ.

ನಾನು: ಚಿಕ್ಕಪ್ಪ, ಮೇಲೆ ಹೊಡೆದರೆ ನಿಮ್ಮ ಬಣ್ಣ ಎಲ್ಲಿಗೂ ಹೋಗಲ್ಲ, ಕೆಳಗೇ ಇರುತ್ತದೆ. ಆ ಸವೆದ ಜಾಗಕ್ಕೆ ಟೇಪ್ ಹಾಕಿ ಹಾಗೆಯೇ ಬಿಡಬಹುದು. ಟೇಪ್ ಅಂಚಿನಲ್ಲಿ ಗೆರೆ ಏಳುತ್ತದೆ, ಅದನ್ನು ನಾನು ಕೂತು ಉಜ್ಜಿ ಸಮ ಮಾಡಿಕೊಡುತ್ತೇನೆ. ನೆಕ್‌ಗೆ, ಅಂದರೆ ಗಿಟಾರ್‌ನ ಉದ್ದ ಕತ್ತಿಗೆ, ಯಾರೂ ಕೈ ಹಾಕುವುದು ಬೇಡ, ಬೆರಳಿಡುವ ಫ್ರೆಟ್‌ಬೋರ್ಡ್ ಬೀಟೆ ಮರದ್ದು, ಅದಕ್ಕೆ ಬಣ್ಣವೂ ಬೇಡ ಪಾಲಿಶೂ ಬೇಡ.

ಚಿಕ್ಕಪ್ಪ: ಯಾವಾಗ ಮಾಡುವುದು ಅಂತೀಯ?

ನಾನು: ಜನವರಿ. ಕಾಫಿ ಅರಳಿಸುವ ಹೂ ಮಳೆ ಬರುವುದಕ್ಕೆ ಮೊದಲು ಮುಗಿಯಬೇಕು. ಕಣದಲ್ಲಿ ಕಾಫಿ ಹರಡಿರುತ್ತದೆ, ಆ ದೂಳು ಹಸಿ ಬಣ್ಣಕ್ಕೆ ಕೂರದ ಹಾಗೆ ಹಿಂದಿನ ಶೆಡ್‌ನಲ್ಲಿ ಮಾಡೋಣ, ಎರಡೂ ಬಾಗಿಲು ತೆಗೆದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹನ್ನೊಂದರಿಂದ ಮೂರರ ಒಳಗೆ. ನೆಕ್ ಕೂರುವ ಗುಂಡಿಗೆ ಒಂದು ಪಟ್ಟಿ ಮರ ಸ್ಕ್ರೂ ಮಾಡಿದರೆ ಹಿಡಿಕೆಯೂ ಆಯಿತು, ತೂಗು ಹಾಕಲೂ ಆಯಿತು. ಆ ಗುಂಡಿಯೊಳಗೆ ಬಣ್ಣ ಬೀಳಬಾರದು, ಬಿದ್ದರೆ ನೆಕ್ ಬಿಗಿಯಾಗಿ ಅಂಚು ಸೀಳುತ್ತದೆ. ತೆಳುವಾಗಿ ಹಲವು ಕೋಟ್. ಆಮೇಲೆ ಒಂದು ತಿಂಗಳು ಮುಟ್ಟದೆ ಬಿಡಬೇಕು, ಕಷ್ಟದ ಕೆಲಸ ಅದೇ. ಕೊನೆಗೆ 1000, 1500, 2000ರ ವಾಟರ್ ಪೇಪರ್, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್. ಅಂಚುಗಳಲ್ಲಿ ಕೈ ಹಗುರ ಇರಲಿ, ಎಲ್ಲರೂ ಬಣ್ಣ ಹರಿದುಕೊಳ್ಳುವುದು ಅಲ್ಲೇ.

ಪುಟ್ಟ: ಅಂದರೆ ಹಬ್ಬಕ್ಕೆ ಇಲ್ಲ.

ನಾನು: ಹಬ್ಬಕ್ಕೆ ಇರುವ ಹಾಗೆಯೇ ತಗೊಂಡು ಹೋಗು. ಈಗ ಬೇಕಿದ್ದರೆ ಒಂದು ಕೆಲಸ ಮಾಡು. ಬಾಡಿ ಮುಂದಿನ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಆ ಪಿಕ್‌ಗಾರ್ಡ್ ಸ್ಕ್ರೂ ಬಿಚ್ಚಿ ನಿಧಾನ ಎತ್ತು, ಕೆಳಗೆ ವೈರ್ ಇದೆ, ಎಳೆಯಬೇಡ, ಮೊದಲು ಫೋಟೋ ತೆಗೆದಿಟ್ಟುಕೋ. ಅದರಡಿ ಕಾಣದ ಜಾಗದಲ್ಲಿ ಬಣ್ಣದ ಮೇಲೆ ಹತ್ತಿಯಲ್ಲಿ ಒಂದು ಹನಿ ಥಿನ್ನರ್ ಒತ್ತಿ ನೋಡು. ಬಣ್ಣ ಅಂಟಂಟಾಗಿ ಹತ್ತಿಗೆ ಬಂದರೆ ಲ್ಯಾಕರ್. ಬರದಿದ್ದರೆ ಪಾಲಿ, ಪ್ಲಾಸ್ಟಿಕ್‌ನಂಥ ಗಟ್ಟಿ ಬಣ್ಣ.

ಚಿಕ್ಕಪ್ಪ: ಥಿನ್ನರ್ ಹೊರಗಿನ ಜಗುಲಿಯಲ್ಲಿ. ನಾನೂ ಬರುತ್ತೇನೆ, ತಡಿ.

ಪುಟ್ಟ: ನೋಡಿದೆವು ಅಕ್ಕ. ಹತ್ತಿ ಬೆಳ್ಳಗೇ ಇದೆ, ಬಣ್ಣ ಏನೂ ಬರಲಿಲ್ಲ. ಫೋಟೋ ಹಾಕಿದ್ದೇನೆ ನೋಡಿ.

ನಾನು: ಹಾಗಾದರೆ ಪಾಲಿಯೇ. ಕೀಳುವ ಮಾತೇ ಬೇಡ. ಒರೆಸಿ, ಸ್ಕ್ರೂ ವಾಪಸ್ ಹಾಕು, ತುಂಬ ಬಿಗಿ ಮಾಡಬೇಡ.

ಚಿಕ್ಕಪ್ಪ: ಪಿಕ್‌ಗಾರ್ಡ್ ಅಡಿಯಲ್ಲಿ ಬಣ್ಣ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಜನವರಿಯಲ್ಲಿ ಆ ಜಾಗಕ್ಕೂ ಟೇಪ್ ಹಾಕಿಬಿಡಿ.